ಹೆಬ್ಬೆಟ್ಟು ಒತ್ತಿದವರು ಒಪ್ಪಿದ್ದಾರೆಯೇ?

ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಮಾತು ಬಳಕೆಗೆ ಬಂದಿದೆ: 'ಥಂಬ್ ಕೊಡೋದು'. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗಾಗಿ ಥಂಬ್ ಕೊಡಬೇಕು. ಮೊಬೈಲ್ ಅಂಗಡಿಯಲ್ಲಿ ಸಿಮ್ಮಿಗಾಗಿ ಥಂಬ್ ಕೊಡಬೇಕು. ಉದ್ಯೋಗ ಖಾತ್ರಿಯ ಕೂಲಿ, ಸಂಧ್ಯಾ ಸುರಕ್ಷಾ ವೇತನ, ಗೃಹಲಕ್ಷ್ಮಿಯ ಎರಡು ಸಾವಿರ, ಇವುಗಳಲ್ಲಿ ಯಾವುದನ್ನು ಊರಲ್ಲೇ ಕೈಗೆ ಪಡೆಯಬೇಕಾದರೂ ಬ್ಯಾಂಕ್ ಮಿತ್ರನ ಮುಂದೆ ಕುಳಿತು ಥಂಬ್ ಕೊಡಬೇಕು. ಹಿಂದಿನವರು ಹೆಬ್ಬೆಟ್ಟನ್ನು 'ಒತ್ತುತ್ತಿದ್ದರು', ಈಗಿನವರು 'ಕೊಡುತ್ತಾರೆ'. ಜನರ ಬಾಯಲ್ಲಿ ಕ್ರಿಯಾಪದ ಸುಮ್ಮನೆ ಬದಲಾಗುವುದಿಲ್ಲ. ಒತ್ತಿದ ಗುರುತು ಒಂದು ಕಾಗದದ ಮೇಲೆ, ಒಂದು ಕಾರಣಕ್ಕೆ, ಒಂದು ದಿನ ಬೀಳುತ್ತಿತ್ತು. ಕೊಟ್ಟದ್ದು ಎಲ್ಲಿಗೆ ಹೋಯಿತು, ಅಲ್ಲಿಂದ ಮುಂದೆ ಎಲ್ಲೆಲ್ಲಿಗೆ ಹೋಯಿತು ಎಂಬುದು ಕೊಟ್ಟವರಿಗೆ ಗೊತ್ತಿಲ್ಲ.

ತಂತ್ರಜ್ಞಾನದಲ್ಲಿ ಗ್ರಾಹಕನ 'ಆಯ್ಕೆ' ಮತ್ತು 'ಸಮ್ಮತಿ'ಯ ಬಗ್ಗೆ ಇಂದು ಬಹಳ ಚರ್ಚೆ ನಡೆಯುತ್ತಿದೆ. ಆ ಚರ್ಚೆಯೆಲ್ಲ ಇಂಗ್ಲಿಷ್ ಓದಬಲ್ಲ, ಸ್ವಂತ ಫೋನಿರುವ, ಸೆಟ್ಟಿಂಗ್ಸ್ ತೆರೆದು ಬೇಡವಾದದ್ದನ್ನು ಬಂದ್ ಮಾಡಬಲ್ಲ ಮನುಷ್ಯನನ್ನು ಎದುರಿಗಿಟ್ಟುಕೊಂಡು ನಡೆಯುತ್ತಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳಲ್ಲಿ ಅದು ಶೇ. 41ರಷ್ಟು. ಇಲ್ಲಿ 'ನಾನು ಒಪ್ಪುತ್ತೇನೆ' ಎಂಬ ಗುಂಡಿಯನ್ನು ಒತ್ತುವವರು ಯಾರು? ಬಹುಪಾಲು ಸಂದರ್ಭಗಳಲ್ಲಿ ಫೋನಿನ ಒಡೆಯರಲ್ಲ, ಅಂಗಡಿಯ ಹುಡುಗ. ಪರದೆ ಅವನ ಕಡೆಗೆ ತಿರುಗಿರುತ್ತದೆ, ಬೆರಳು ಮಾತ್ರ ಇವರದು. ಹೀಗಿರುವಾಗ ಒಪ್ಪಿದವರು ಯಾರು ಎಂಬ ಪ್ರಶ್ನೆಗೆ ನಮ್ಮ ಕಂಪೆನಿಗಳು, ಬ್ಯಾಂಕುಗಳು, ಸರಕಾರಗಳು ಇದುವರೆಗೆ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಹಳೆಯ ಹೆಬ್ಬೆಟ್ಟಿನ ಕತೆಯಿಂದಲೇ ಶುರು ಮಾಡೋಣ. ನಿಜಾಮರ ಆಳ್ವಿಕೆಯನ್ನು ಕಂಡ ಈ ಸೀಮೆಯ ಕನ್ನಡದಲ್ಲಿ ಕಚೇರಿಯ ಶಬ್ದಗಳು ಬಹುತೇಕ ಫಾರ್ಸಿ, ಉರ್ದುವಿನವು. ಅರ್ಜಿ, ಜಾಮೀನು, ತಕರಾರು, ಕಬೂಲು. ಅವುಗಳಲ್ಲಿ 'ರಾಜಿ' ಒಂದು. ಈಗ ನಾವು ಅದನ್ನು ಜಗಳ ಬಗೆಹರಿಸಿಕೊಳ್ಳುವುದು ಎಂಬರ್ಥದಲ್ಲಿ ಬಳಸುತ್ತೇವೆ. ಮೂಲದಲ್ಲಿ ರಾಜಿ ಎಂದರೆ ಮನಸ್ಸಿನ ಸಮ್ಮತಿ. 'ರಾಜೀನಾಮೆ' ಎಂದರೆ ಸಮ್ಮತಿಯ ಪತ್ರ. ನೌಕರಿ ಬಿಡುವ ಕಾಗದಕ್ಕೆ ಆ ಹೆಸರು ಬಂದದ್ದೂ, ನಾನಾಗಿ ಬಿಡುತ್ತಿದ್ದೇನೆ, ಯಾರೂ ಬಿಡಿಸಿಲ್ಲ ಎಂಬ ಅರ್ಥದಿಂದಲೇ. ಹಳೆಯ ಖರೀದಿ ಪತ್ರಗಳನ್ನು ನೋಡಿದವರಿಗೆ ಗೊತ್ತು, ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟದ್ದು ಎಂಬ ಒಕ್ಕಣೆ ಇಲ್ಲದ ಪತ್ರವೇ ಇಲ್ಲ. ಕೊನೆಗೆ ಹೆಬ್ಬೆಟ್ಟು ಹಾಕಿಸುವ ಮುನ್ನ ಪತ್ರವನ್ನು ಓದಿ ಹೇಳಬೇಕಿತ್ತು. ಪಕ್ಕದಲ್ಲಿ ಸಾಕ್ಷಿದಾರರು ರುಜು ಮಾಡಬೇಕಿತ್ತು. ಪತ್ರ ಬರೆದವನು 'ಬಿಕ್ಕಲಂ' ಎಂದು ತನ್ನ ಹೆಸರು, ಊರು ನಮೂದಿಸಬೇಕಿತ್ತು. ನೋಂದಣಿಯ ಹೊತ್ತಿಗೆ ಸಬ್ ರಿಜಿಸ್ಟ್ರಾರ್ ಎದುರು ನಿಲ್ಲಿಸಿ, ಇದನ್ನು ಬರೆದುಕೊಟ್ಟಿದ್ದು ನೀನೇ ಹೌದೇ ಎಂದು ಕೇಳಬೇಕಿತ್ತು.

ಆ ಕಾಲ ಸತ್ಯದ ಕಾಲವಾಗಿತ್ತು ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡು ಹೊಲ ಬರೆಸಿಕೊಂಡ ಸಾಹುಕಾರರ ಕತೆ ಇಲ್ಲದ ಊರು ಈ ಜಿಲ್ಲೆಯಲ್ಲಿ ಸಿಗಲಾರದು. ಜೀತದ ಕರಾರುಗಳೂ ಇದೇ ಹೆಬ್ಬೆಟ್ಟಿನಿಂದಲೇ ಆದವು. ಆದರೂ ಅಲ್ಲಿ ಒಂದು ತಿಳಿವಳಿಕೆ ಇತ್ತು: ಓದಲು ಬಾರದವನ ಒಪ್ಪಿಗೆಯನ್ನು ಸುಲಭವಾಗಿ ನಂಬಬಾರದು, ಅದಕ್ಕೆ ಹೆಚ್ಚಿನ ಕಾವಲು ಬೇಕು. ಓದಿ ಹೇಳುವವನು, ಸಾಕ್ಷಿ, ಬಿಕ್ಕಲಂ, ಈ ಮೂರು ಆ ಕಾವಲುಗಳು. ಮೋಸ ಮಾಡುವವನು ಇವುಗಳನ್ನು ದಾಟಬೇಕಿತ್ತು. ಯಂತ್ರದ ಹೆಬ್ಬೆಟ್ಟು ಬಂದಾಗ ಈ ಮೂರನ್ನೂ ಒಂದೇ ಏಟಿಗೆ ತೆಗೆದುಹಾಕಲಾಯಿತು, 'ಸರಳೀಕರಣ' ಎಂಬ ಹೆಸರಿನಲ್ಲಿ.

ಬೆರಳಚ್ಚು ಹುಟ್ಟಿದ್ದೂ ಅಪನಂಬಿಕೆಯಿಂದಲೇ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆ ಸಾಮಗ್ರಿಯ ಗುತ್ತಿಗೆದಾರನೊಬ್ಬನ ಕರಾರಿನ ಮೇಲೆ ಅವನ ಇಡೀ ಅಂಗೈಯ ಗುರುತು ಹಾಕಿಸಿದ. ಮುಂದೆ ಆತ 'ಇದು ನನ್ನ ರುಜುವಲ್ಲ' ಎನ್ನದಿರಲಿ ಎಂಬುದು ಕಾರಣ. ಸುರಪುರದ ರಾಜಾ ವೆಂಕಟಪ್ಪ ನಾಯಕರ ಬಂಡಾಯವನ್ನು ಬ್ರಿಟಿಷರು ಹತ್ತಿಕ್ಕಿದ್ದೂ ಅದೇ ವರ್ಷ. ದೇಶದ ಜನರ ಮಾತನ್ನು ಆಳುವವರು ನಂಬುವ ಸ್ಥಿತಿಯಲ್ಲಿ ಇರಲಿಲ್ಲ. 1877ರಲ್ಲಿ ಹೂಗ್ಲಿಯಲ್ಲಿ ಹರ್ಷೆಲ್ ಬೆರಳಚ್ಚನ್ನು ಪಿಂಚಣಿ ಕೊಡುವಲ್ಲಿ, ದಸ್ತಾವೇಜು ನೋಂದಣಿಯಲ್ಲಿ, ಜೈಲಿನಲ್ಲಿ ಜಾರಿಗೆ ತಂದ. ಇಪ್ಪತ್ತು ವರ್ಷಗಳ ಬಳಿಕ ಕೊಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಲಕ್ಷಾಂತರ ಅಚ್ಚುಗಳನ್ನು ವಿಂಗಡಿಸಿ ಹುಡುಕುವ ಲೆಕ್ಕಾಚಾರವನ್ನು ರೂಪಿಸಿದವರಲ್ಲಿ ಅಝೀಝುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ಅಧಿಕಾರಿಗಳಿದ್ದರು. ಪದ್ಧತಿಗೆ ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿತು. (ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು ಎಂಬುದು ಹೊಸ ಕತೆಯೇನಲ್ಲ.) ಗಮನಿಸಬೇಕಾದದ್ದು ಇಷ್ಟು: ಬೆರಳಚ್ಚು ಇದ್ದದ್ದು ಜನರು ಸರಕಾರವನ್ನು ವಂಚಿಸದಿರಲಿ ಎಂದು. ಜನರನ್ನು ಯಾರೂ ವಂಚಿಸದಿರಲಿ ಎಂಬುದು ಅದರ ಉದ್ದೇಶವಾಗಿರಲಿಲ್ಲ. ಪಿಂಚಣಿ ಮತ್ತು ದಸ್ತಾವೇಜು, ಈ ಎರಡು ಕಚೇರಿಗಳಲ್ಲೇ ನೂರೈವತ್ತು ವರ್ಷಗಳ ನಂತರ ಕರ್ನಾಟಕದಲ್ಲಿ ಹೆಬ್ಬೆಟ್ಟಿನ ಸಂಕಟ ಕಾಣಿಸಿಕೊಂಡಿತು.

ಆ ಪ್ರಕರಣ 2023ರದು. ಜಮೀನು, ಮನೆ ನೋಂದಣಿ ಮಾಡಿಸಿಕೊಂಡ ಅನೇಕರ ಬ್ಯಾಂಕ್ ಖಾತೆಗಳಿಂದ ಅವರಿಗೆ ಗೊತ್ತಿಲ್ಲದಂತೆ ಹಣ ಹೋಗತೊಡಗಿತು. ಬೆಂಗಳೂರು, ಮಂಗಳೂರುಗಳಲ್ಲಿ ದೂರುಗಳು ಸಾಲುಗಟ್ಟಿದವು. ಯಾರಿಗೂ ಒಟಿಪಿ ಬಂದಿರಲಿಲ್ಲ. ಯಾರೂ ಲಿಂಕ್ ಒತ್ತಿರಲಿಲ್ಲ, ಯಾರ ಕರೆಯನ್ನೂ ನಂಬಿರಲಿಲ್ಲ. ತನಿಖೆಯಲ್ಲಿ ತಿಳಿದುಬಂದದ್ದು ಹೀಗೆ: ನೋಂದಾಯಿತ ದಸ್ತಾವೇಜುಗಳ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟಿನ ಗುರುತೂ ಇರುತ್ತವೆ. ಆ ಪ್ರತಿಗಳನ್ನು ಆನ್‌ಲೈನ್‌ನಲ್ಲಿ ಪಡೆದ ವಂಚಕರು ಹೆಬ್ಬೆಟ್ಟಿನ ನಕಲು ತಯಾರಿಸಿ, 'ಎಇಪಿಎಸ್' ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಬಿಹಾರದವರನ್ನು ಬಂಧಿಸಿದರು. ನೋಂದಣಿ ಇಲಾಖೆ ದಸ್ತಾವೇಜಿನ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮಕ್ಕೆ ಮುಂದಾಯಿತು.

ಈ ವ್ಯವಸ್ಥೆಯ ಒಳಗನ್ನು ಸ್ವಲ್ಪ ನೋಡಬೇಕು. ಹಣ ತೆಗೆಯಲು ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಒಂದು ಸಲಕ್ಕೆ ಹತ್ತು ಸಾವಿರದವರೆಗೆ ತೆಗೆಯಬಹುದು. ಪಿನ್ ಇಲ್ಲ, ಒಟಿಪಿ ಇಲ್ಲ. ಖಾತೆಗೆ ಆಧಾರ್ ಜೋಡಿಸಿದರೆ ಸಾಕು, ಈ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. 'ನಿಮಗೆ ಬೆರಳಿನಿಂದ ಹಣ ತೆಗೆಯುವ ಸೌಲಭ್ಯ ಬೇಕೇ' ಎಂದು ಯಾರೂ ಕೇಳಿರಲಿಲ್ಲ. ಹಣ ಕಳೆದುಕೊಂಡ ಮಂಗಳೂರಿನ, ಬೆಂಗಳೂರಿನ ಮಧ್ಯಮ ವರ್ಗದವರಲ್ಲಿ ಹೆಚ್ಚಿನವರಿಗೆ ಇಂಥದೊಂದು ಬಾಗಿಲು ತಮ್ಮ ಖಾತೆಗೆ ಇದೆ ಎಂಬುದೇ ಗೊತ್ತಿರಲಿಲ್ಲ. ಪದವೀಧರರಿಗೆ ಗೊತ್ತಿಲ್ಲದ್ದು ಹುಣಸಗಿಯ ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಗೊತ್ತಿರಬೇಕಿತ್ತು ಎಂದು ವಾದಿಸುವವರೂ ನಮ್ಮಲ್ಲಿದ್ದಾರೆ.

ಮೋಸವಾದಾಗಲೆಲ್ಲ ಕೇಳಿಬರುವ ಉತ್ತರ 'ಜಾಗೃತಿ'. ಒಟಿಪಿ ಯಾರಿಗೂ ಹೇಳಬೇಡಿ ಎಂಬ ಫಲಕ ಬ್ಯಾಂಕಿನ ಗೋಡೆಯಲ್ಲಿ, ಫೋನಿನ ಸಂದೇಶದಲ್ಲಿ, ಕರೆ ಹೋಗುವ ಮುನ್ನ ಕಿವಿಗೆ ಬೀಳುವ ಧ್ವನಿಯಲ್ಲಿ. ಒಟಿಪಿಯೇ ಇಲ್ಲದ ವಹಿವಾಟಿನಲ್ಲಿ ಅದನ್ನು ಗುಟ್ಟಾಗಿಡುವುದು ಹೇಗೆ? ಬೆರಳನ್ನು ಯಾರಿಗೂ ತೋರಿಸಬೇಡಿ ಎಂದು ಹೇಳಲಾದೀತೇ? ಮನುಷ್ಯ ದಿನವಿಡೀ ಮುಟ್ಟಿದಲ್ಲೆಲ್ಲ ತನ್ನ ಬೆರಳಚ್ಚು ಬಿಟ್ಟು ಬರುತ್ತಾನೆ. ಗುಪ್ತಪದ ಸೋರಿದರೆ ಬದಲಿಸಬಹುದು, ಹೆಬ್ಬೆಟ್ಟು ಬದಲಿಸಲಾಗದು. ಈ ಸಣ್ಣ ಸತ್ಯವನ್ನು ವ್ಯವಸ್ಥೆ ಕಟ್ಟಿದ ತಜ್ಞರು ಅರಿಯದವರೇನಲ್ಲ. ಅರಿತೂ ಕಟ್ಟಿದರು, ಹೊಣೆಯನ್ನು ಮಾತ್ರ ಬೆರಳಿನವರ ಮೇಲೆ ಹಾಕಿದರು.

ಆಗ ಅಧಿಕಾರಿಗಳು ಕೊಟ್ಟ ಇನ್ನೊಂದು ಸಲಹೆ, ಆಧಾರ್ ಆ್ಯಪಿನಲ್ಲಿ ನಿಮ್ಮ ಬಯೋಮೆಟ್ರಿಕ್‌ಗೆ ಬೀಗ ಹಾಕಿಕೊಳ್ಳಿ ಎಂಬುದು. ಒಳ್ಳೆಯ ಸಲಹೆಯೇ. ಬೀಗ ಹಾಕಿದರೆ ಯಾರೂ ನಿಮ್ಮ ಬೆರಳಿನಿಂದ ಏನೂ ಮಾಡಲಾರರು. ಆದರೆ ನೀವೂ ಮಾಡಲಾರಿರಿ! ಬೀಗ ಹಾಕಿದ ಬೆರಳಿಗೆ ನ್ಯಾಯಬೆಲೆ ಅಂಗಡಿಯ ಯಂತ್ರ ಅಕ್ಕಿ ಕೊಡುವುದಿಲ್ಲ, ಬ್ಯಾಂಕ್ ಮಿತ್ರನ ಯಂತ್ರ ಪಿಂಚಣಿ ಕೊಡುವುದಿಲ್ಲ. ಪ್ರತಿ ಸಲವೂ ಫೋನಿನಲ್ಲಿ ಬೀಗ ತೆರೆದು, ಮತ್ತೆ ಹಾಕಬೇಕು. ಅದಕ್ಕೆ ಆಧಾರಿಗೆ ಜೋಡಿಸಿದ ನಂಬರ್ ಜೀವಂತವಾಗಿರಬೇಕು, ಆ ಫೋನು ಕೈಯಲ್ಲಿರಬೇಕು. ದುಡಿಯಲು ಬೆಂಗಳೂರಿಗೋ ಪುಣೆಗೋ ಹೋದ ಮಗನ ಕಿಸೆಯಲ್ಲಿ ಸಿಮ್ಮಿದ್ದರೆ ಊರಲ್ಲಿರುವ ತಾಯಿಗೆ ಬೀಗವೂ ಇಲ್ಲ, ಕೀಲಿಯೂ ಇಲ್ಲ. ಹೆಬ್ಬೆಟ್ಟಿನಿಂದ ಯಾವ ಕೆಲಸವೂ ಆಗಬೇಕಿಲ್ಲದವನಿಗೆ ಈ ಬೀಗ ಸಲೀಸು. ಹೆಬ್ಬೆಟ್ಟೇ ಅನ್ನವಾಗಿರುವವಳಿಗೆ ಅದು ಅನ್ನದ ಬಾಗಿಲಿಗೇ ಬೀಗ. ಎಲ್ಲರಿಗೂ ಒಂದೇ ಆಯ್ಕೆ ಕೊಟ್ಟಿದ್ದೇವೆ ಎಂದು ಹೇಳುವವರು ಈ ವ್ಯತ್ಯಾಸವನ್ನು ಕಾಣುವುದೇ ಇಲ್ಲ.

ಇದನ್ನು ಓದಿದವರು ಎಇಪಿಎಸ್ ಬರಬಾರದಿತ್ತು ಎಂದು ಈ ಲೇಖಕ ಹೇಳುತ್ತಿದ್ದಾನೆ ಎಂದುಕೊಳ್ಳಬಾರದು. ಅದು ಬರುವ ಮೊದಲು ಸುರಪುರ ತಾಲೂಕಿನ ಒಳಗಿನ ಹಳ್ಳಿಗಳಿಂದ ಬ್ಯಾಂಕಿಗೆ ಹೋಗಿ ಬರುವುದೆಂದರೆ ಬಸ್ಸಿನ ಚಾರ್ಜು, ಒಂದು ದಿನದ ಕೂಲಿ, ಸಾಲಿನಲ್ಲಿ ನಿಂತು 'ನಾಳೆ ಬಾ' ಎನಿಸಿಕೊಳ್ಳುವ ಅವಮಾನ. ಚಲನ್ ತುಂಬಿಸಿಕೊಡಿ ಎಂದು ಯಾರನ್ನಾದರೂ ಬೇಡಬೇಕಿತ್ತು. ಊರಲ್ಲೇ, ಗುರುತಿರುವ ಹುಡುಗನ ಬಳಿ ಹಣ ಸಿಗುವುದು ಸಣ್ಣ ಉಪಕಾರವಲ್ಲ. ಆ ಉಪಕಾರದ ಕಾರಣದಿಂದಲೇ ಅದರ ದೋಷದ ಬಗ್ಗೆ ಮಾತಾಡುವುದು ಕಷ್ಟವಾಗಿದೆ.

ಗುರುತಿರುವ ಹುಡುಗ. ಇಡೀ ವ್ಯವಸ್ಥೆ ನಿಂತಿರುವುದು ಅವನ ಮೇಲೆ. "ಯವ್ವಾ, ಬರವಲ್ದು, ಇನ್ನೊಮ್ಮೆ ಥಂಬ್ ಕೊಡು" ಎಂದು ಅವನು ಹೇಳಿದರೆ ಮುದುಕಿ ಕೈಯನ್ನು ಸೀರೆಗೆ ಒರೆಸಿಕೊಂಡು ಇನ್ನೊಮ್ಮೆ ಕೊಡುತ್ತಾಳೆ. ಮೊದಲನೆಯ ಸಲ ನಿಜಕ್ಕೂ ಬರಲಿಲ್ಲವೇ, ಅಥವಾ ಬಂದು ಹಣ ಕಡಿತವಾಗಿಯೂ ಬರಲಿಲ್ಲ ಎಂದನೇ? ಇದನ್ನು ತಿಳಿಯುವ ಯಾವ ದಾರಿಯೂ ಅವಳಿಗಿಲ್ಲ. ಹತ್ತಿ ಬಿಡಿಸಿ, ಭತ್ತ ನಾಟಿ ಮಾಡಿ, ಸಿಮೆಂಟು ಕಲಸಿ ಸವೆದ ಬೆರಳುಗಳು ನಿಜವಾಗಿಯೂ ಒಂದೇ ಸಲಕ್ಕೆ ಬರುವುದಿಲ್ಲ. 2016-17ರ ಕೇಂದ್ರ ಸರಕಾರದ ಆರ್ಥಿಕ ಸಮೀಕ್ಷೆಯೇ ಆಧಾರ್ ದೃಢೀಕರಣದ ವೈಫಲ್ಯ ಜಾರ್ಖಂಡ್‌ನಲ್ಲಿ ಶೇ. 49, ರಾಜಸ್ಥಾನದಲ್ಲಿ ಶೇ. 37 ಎಂಬ ಅಂದಾಜುಗಳನ್ನು ಉಲ್ಲೇಖಿಸಿತ್ತು. ಯಂತ್ರ ಪ್ರಾಮಾಣಿಕವಾಗಿ ಸೋಲುವುದು ಇಷ್ಟು ಸಾಮಾನ್ಯವಾಗಿರುವಲ್ಲಿ ಅಪ್ರಾಮಾಣಿಕ ಸೋಲು ಅದರ ನೆರಳಿನಲ್ಲಿ ಆರಾಮವಾಗಿ ಅಡಗಿ ಕೂರಬಲ್ಲದು. ಹಣ ತೆಗೆದೂ 'ಆಗಲಿಲ್ಲ' ಎನ್ನುವ ಈ ಬಗೆಯ ವಂಚನೆ ದೇಶದ ಅನೇಕ ಕಡೆ ವರದಿಯಾಗಿದೆ.

ಸುರಪುರದಲ್ಲಿ ಟೇಲರ್ ಮಂಜಿಲ್ ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಥಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಒಂದು ಕಾದಂಬರಿ ಪ್ರಕಟಿಸಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ. ಥಗ್ಗರ ಬಗ್ಗೆ ಬ್ರಿಟಿಷರು ಬರೆದದ್ದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ, ಅದಿರಲಿ. ಆ ಕತೆಗಳಲ್ಲಿ ಥಗ್ಗ ಬಡಿಗೆ ಹಿಡಿದು ಬರುವುದಿಲ್ಲ. ದಾರಿಯ ಜತೆಗಾರನಾಗಿ ಬರುತ್ತಾನೆ, ನಾಲ್ಕು ದಿನ ಜತೆಗೆ ಉಣ್ಣುತ್ತಾನೆ, ದಾರಿಯ ಭಯದಿಂದ ಕಾಪಾಡುವ ಭರೋಸಾ ಕೊಡುತ್ತಾನೆ. ನಮ್ಮ ಅಂಗಡಿಯ ಹುಡುಗ ಥಗ್ಗನಲ್ಲ. ಬಹುಪಾಲು ಹುಡುಗರು ಸಣ್ಣ ಕಮಿಷನ್ನಿಗೆ ದಿನವಿಡೀ ಜನರ ಬೈಗುಳ ತಿಂದು, ನೆಟ್‌ವರ್ಕ್ ಇಲ್ಲದೆ ಒದ್ದಾಡಿ, ಅಕ್ಷರ ಬಾರದವರ ಅರ್ಜಿಗಳನ್ನು ಪುಕ್ಕಟೆ ತುಂಬಿಕೊಡುವವರು. ಯಾದಗಿರಿಯ ಸ್ಟೇಷನ್ ಏರಿಯಾದಿಂದ ಶಹಾಪುರದ ಬಸ್ ಸ್ಟ್ಯಾಂಡಿನವರೆಗೆ ಇಂಥ ಅಂಗಡಿಗಳಲ್ಲಿ ನಮ್ಮ ಸಮುದಾಯದ ಎಷ್ಟೋ ಹುಡುಗರು ಬದುಕು ಕಟ್ಟಿಕೊಂಡಿದ್ದಾರೆ. ಆದರೆ ಜನರು ಅವನ ಮೇಲಿಟ್ಟ ಭರೋಸಾವನ್ನು ಖರ್ಚು ಮಾಡುತ್ತಿರುವವರು ಅವನ ಹಿಂದಿರುವ ಕಂಪೆನಿಗಳು. ಬಂಡವಾಳ ಹುಡುಗನದು, ಲಾಭ ಅವರದು, ಎಡವಟ್ಟಾದರೆ ಕಾಲರ್ ಹಿಡಿಸಿಕೊಳ್ಳುವವನೂ ಹುಡುಗನೇ.

ಅದಕ್ಕೆ ಉತ್ತಮ ಉದಾಹರಣೆ 2017ರ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ಪ್ರಕರಣ. ಆ ವರ್ಷದ ಮಾರ್ಚ್‌ನಲ್ಲಿ ಎಲ್ಲ ಮೊಬೈಲ್ ಸಂಪರ್ಕಗಳನ್ನೂ ಆಧಾರ್ ಮೂಲಕ ಮರುಪರಿಶೀಲಿಸಲು ದೂರಸಂಪರ್ಕ ಇಲಾಖೆ ಸುತ್ತೋಲೆ ಹೊರಡಿಸಿತು. ಜನ ಹೆದರಿ ಅಂಗಡಿಗಳ ಮುಂದೆ ಸಾಲುಗಟ್ಟಿದರು. ಸಿಮ್ ಬಂದ್ ಆಗದಿರಲಿ ಎಂದು ಬೆರಳು ಕೊಟ್ಟರು. ಹಾಗೆ ಕೊಟ್ಟವರಲ್ಲಿ ಲಕ್ಷಾಂತರ ಜನರ ಹೆಸರಿನಲ್ಲಿ ಅವರಿಗೆ ಅರಿವಿಲ್ಲದೆಯೇ ಏರ್‌ಟೆಲ್‌ನ ಹೊಸ ಬ್ಯಾಂಕಿನಲ್ಲಿ ಖಾತೆ ತೆರೆಯಲ್ಪಟ್ಟಿತು. ಕಂಪೆನಿಯ ಆ್ಯಪಿನಲ್ಲಿ ಸಮ್ಮತಿಯ ಚೌಕಕ್ಕೆ ಮೊದಲೇ ಗುರುತು ಹಾಕಿ ಇಟ್ಟಿದ್ದ ಸಂಗತಿಯೂ ಆಗ ಚರ್ಚೆಗೆ ಬಂತು. ಅಡುಗೆ ಅನಿಲದ ಸಬ್ಸಿಡಿ ಯಾವ ಖಾತೆಗೆ ಹೋಗಬೇಕು ಎಂಬುದಕ್ಕೆ ಇದ್ದ ನಿಯಮ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಎಂಬುದು. ಹೀಗಾಗಿ ಸಬ್ಸಿಡಿ ಸದ್ದಿಲ್ಲದೆ ಹೊಸ ಖಾತೆಗೆ ಹರಿಯಿತು. 23 ಲಕ್ಷಕ್ಕೂ ಹೆಚ್ಚು ಗ್ರಾಹಕರ ಸುಮಾರು 47 ಕೋಟಿ ರೂಪಾಯಿ ಹೀಗೆ ಹೋಗಿದೆ ಎಂದು ಮೊದಲು ವರದಿಯಾಯಿತು. ಕೊನೆಗೆ ಕಂಪೆನಿ 190 ಕೋಟಿ ರೂಪಾಯಿಯನ್ನು ಮೂಲ ಖಾತೆಗಳಿಗೆ ಮರಳಿಸಲು ಒಪ್ಪಿತು. ಆಧಾರ್ ಪ್ರಾಧಿಕಾರ ಡಿಸೆಂಬರ್‌ನಲ್ಲಿ ಅದರ ಪರವಾನಗಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. 2018ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ 5 ಕೋಟಿ ದಂಡ ವಿಧಿಸಿತು.

ದಂಡದ ಮೊತ್ತಕ್ಕಿಂತ ಇಲ್ಲಿ ಮುಖ್ಯವಾದದ್ದು ಆ ಬೆರಳಿನ ಪಯಣ. ಕೊಟ್ಟದ್ದು ಸಿಮ್ಮಿಗೆ, ಬಳಕೆಯಾದದ್ದು ಬ್ಯಾಂಕಿಗೆ, ತಿರುಗಿದ್ದು ಗ್ಯಾಸಿನ ಹಣ. ಹಳೆಯ ಖರೀದಿ ಪತ್ರದಲ್ಲಿ ಸರ್ವೆ ನಂಬರ್, ಚಕ್ಕುಬಂದಿ ಬರೆಯದೆ ಹೆಬ್ಬೆಟ್ಟು ಹಾಕಿಸಿದರೆ ಅದನ್ನು ಮೋಸ ಎನ್ನುತ್ತಿದ್ದೆವು. ಹೊಸ ಭಾಷೆಯಲ್ಲಿ ಅದಕ್ಕೆ 'ತಡೆರಹಿತ ಸೇವೆ' ಎಂಬ ಹೆಸರಿದೆ. ಉಳಿದ ಸಣ್ಣಪುಟ್ಟ ಲೂಟಿಗಳ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕೇಳದೆಯೇ ಶುರುವಾಗುವ ಹಾಡಿಗೆ, ಜ್ಯೋತಿಷ್ಯದ ಸಂದೇಶಕ್ಕೆ ಬ್ಯಾಲೆನ್ಸ್ ಕತ್ತರಿಸುತ್ತಿದ್ದ ಕಾಲವನ್ನು ನಾವೆಲ್ಲ ಕಂಡಿದ್ದೇವೆ. ಎರಡು ಸಲ ಒಪ್ಪಿಗೆ ಪಡೆಯದೆ ಅಂಥ ಸೇವೆ ಶುರು ಮಾಡಬಾರದೆಂದು ಟ್ರಾಯ್ 2013ರಲ್ಲಿ ಕಟ್ಟುನಿಟ್ಟು ಮಾಡಬೇಕಾಯಿತು. ಕಡಿಮೆ ಬೆಲೆಯ ಫೋನು ಕೊಂಡವರ ಬೀಗದ ಪರದೆಯ ಮೇಲೆ ಜಾಹೀರಾತು, ಸುದ್ದಿಗಳು ತಾವಾಗಿ ಬಂದು ಕೂರುತ್ತವೆ. ಬೆಂಗಳೂರಿನ ಇನ್‌ಮೊಬಿ ಸಮೂಹದ 'ಗ್ಲಾನ್ಸ್' ಹೀಗೆ ಅನೇಕ ಕಂಪೆನಿಗಳ ಫೋನುಗಳಲ್ಲಿ ಮೊದಲೇ ಕೂತು ಬಂತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬಂದ್ ಮಾಡಬಹುದು, ನಿಜ. ಎಲ್ಲಿದೆ ಎಂದು ತೋರಿಸುವವರಾರು?

ಕಾನೂನು ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪಿನ ಅರ್ಜಿದಾರರು ಕನ್ನಡ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಆಧಾರ್ ವಿರುದ್ಧ ಕೋರ್ಟಿಗೆ ಹೋದರು. 2024ರಲ್ಲಿ ತೀರಿಕೊಂಡ ಅವರ ಹೆಸರನ್ನು ಕನ್ನಡ ಪತ್ರಿಕೆಗಳು ಎಷ್ಟು ಕಡಿಮೆ ಬರೆದವು ಎಂಬುದು ಬೇರೆಯೇ ಬೇಸರದ ವಿಷಯ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ನ್ಯಾಯಾಲಯ ಆಧಾರನ್ನು ಎತ್ತಿಹಿಡಿದರೂ ಖಾಸಗಿ ಕಂಪೆನಿಗಳು ಅದನ್ನು ಕಡ್ಡಾಯವಾಗಿ ಕೇಳುವ ದಾರಿಯನ್ನು ಮುಚ್ಚಿತು. ಮರುವರ್ಷವೇ ಸರಕಾರ 'ಸ್ವಇಚ್ಛೆಯಿಂದ ಕೊಟ್ಟರೆ ಬಳಸಬಹುದು' ಎಂಬ ತಿದ್ದುಪಡಿ ತಂದಿತು. ಸ್ವಇಚ್ಛೆ ಎಂಬ ಪದ ಕಾಯ್ದೆಯಲ್ಲಿ ಬಹಳ ಸುಂದರವಾಗಿದೆ. ಅಂಗಡಿಯ ಕೌಂಟರಿನಲ್ಲಿ ಅದರ ಅನುವಾದ 'ಥಂಬ್ ಕೊಡು, ಇಲ್ಲಾಂದ್ರ ಲೇಟಾಗ್ತದ'. 2023ರ ನವೆಂಬರ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಮೊಬೈಲ್ ಆ್ಯಪುಗಳ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಗೂಗಲ್ ತನ್ನ ಆ್ಯಪುಗಳನ್ನು ಫೋನುಗಳ ಮೇಲೆ ಹೇರುತ್ತದೆ ಎಂದು ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ದಂಡ ಹಾಕಿತು. ಇವೆಲ್ಲವೂ ಬೇಕಾದವೇ. ಆದರೆ ಈ ಕ್ರಮಗಳೆಲ್ಲ ಪರದೆಯ ಮುಂದೆ ಕುಳಿತ ಗ್ರಾಹಕನನ್ನು ಕಾಪಾಡುತ್ತವೆ. ಪರದೆಯ ಹಿಂಬದಿಯಲ್ಲಿ ನಿಂತು ಬೆರಳು ಚಾಚುವವರಿಗೆ ಇವುಗಳಿಂದ ಆಗುವ ಪ್ರಯೋಜನ ಕಡಿಮೆ.

ಪರಿಹಾರವೇ ಇಲ್ಲವೇ? ಪರಿಹಾರ ಎಷ್ಟು ಸುಲಭ ಎಂಬುದನ್ನು ಕಿರಾಣಿ ಅಂಗಡಿಯಲ್ಲೇ ನೋಡಬಹುದು. ಗಲ್ಲಾದ ಪಕ್ಕ ಒಂದು ಸೌಂಡ್‌ಬಾಕ್ಸ್ ಇರುತ್ತದೆ. ಗಿರಾಕಿ ಹಣ ಕಳುಹಿಸಿದೊಡನೆ ಅದು ಇಷ್ಟು ರೂಪಾಯಿ ಬಂತು ಎಂದು ಗಟ್ಟಿಯಾಗಿ, ಕನ್ನಡದಲ್ಲಿಯೂ ಹೇಳಬಲ್ಲದು. ವ್ಯಾಪಾರಿ ಫೋನ್ ನೋಡಬೇಕಿಲ್ಲ, ಇಂಗ್ಲಿಷ್ ಓದಬೇಕಿಲ್ಲ. ಈ ಡಬ್ಬಿ ಯಾಕೆ ಬಂತು? ವ್ಯಾಪಾರಿಗೆ ನಂಬಿಕೆ ಬಾರದಿದ್ದರೆ ಅವನು ಕ್ಯೂಆರ್ ಕೋಡ್ ಕಿತ್ತೆಸೆಯುತ್ತಾನೆ, ಆಗ ಕಂಪೆನಿಯ ವ್ಯವಹಾರವೇ ನಿಲ್ಲುತ್ತದೆ. ಬೇಡ ಎನ್ನುವ ಶಕ್ತಿ ಅವನಿಗಿತ್ತು, ಆದ್ದರಿಂದ ಯಂತ್ರ ಅವನ ಭಾಷೆ ಕಲಿಯಿತು. ಹಣ ತೆಗೆಯುವ ಹೆಣ್ಣುಮಗಳ ಮುಂದೆ, ಫೋನಿಗೆ ಸಿಕ್ಕಿಸಿದ ಬೆರಳಚ್ಚಿನ ಡಬ್ಬಿಗೆ ಬಾಯಿಯೇ ಇಲ್ಲ. ಕೆಂಪು ದೀಪ ಹೊತ್ತಿ ಆರುತ್ತದೆ, ಅಷ್ಟೇ. 'ನಿಮ್ಮ ಖಾತೆಯಿಂದ ಎರಡು ಸಾವಿರ ರೂಪಾಯಿ ತೆಗೆಯಲಾಗಿದೆ, ಉಳಿದದ್ದು ಇಷ್ಟು' ಎಂದು ಗಟ್ಟಿಯಾಗಿ ಹೇಳುವ ಡಬ್ಬಿಯನ್ನು ಅವಳ ಕಡೆಗೂ ಒಂದು ಇಡಲು ಯಾವ ಹೊಸ ವಿಜ್ಞಾನವೂ ಬೇಕಾಗಿಲ್ಲ. ಹಳೆಯ ಪತ್ರದ 'ಓದಿ ಹೇಳುವ' ಕಾವಲು ಹಾಗೆ ಮರಳಿ ಬಂದಂತಾಗುತ್ತದೆ. ಇಲ್ಲಿಯವರೆಗೆ ಅದನ್ನು ಯಾರೂ ಕಡ್ಡಾಯ ಮಾಡದಿರುವುದಕ್ಕೆ ತಾಂತ್ರಿಕ ಕಾರಣ ಹುಡುಕುವುದು ವ್ಯರ್ಥ. ಅವಳು ಬೇಡ ಎನ್ನಲಾರಳು, ಆದ್ದರಿಂದ ಅವಳಿಗೆ ಹೇಳುವ ಅಗತ್ಯ ಯಾರಿಗೂ ಕಂಡಿಲ್ಲ.

ಬಿಕ್ಕಲಂ ಕಾವಲಿನ ವಿಷಯದಲ್ಲಿ ಸ್ವಲ್ಪ ಚಲನೆ ಆಗಿದೆ. ಎಇಪಿಎಸ್ ನಡೆಸುವ ಏಜೆಂಟರು ಯಾರು, ಎಲ್ಲಿಯವರು ಎಂಬುದನ್ನು ಬ್ಯಾಂಕುಗಳು ಸರಿಯಾಗಿ ಪರಿಶೀಲಿಸಬೇಕು, ಮೂರು ತಿಂಗಳು ನಿಷ್ಕ್ರಿಯರಾಗಿದ್ದವರನ್ನು ಮತ್ತೆ ಪರಿಶೀಲಿಸಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ನಿರ್ದೇಶನ ಕೊಟ್ಟಿತು. 2026ರ ಜನವರಿ 1ರಿಂದ ಅದು ಜಾರಿಗೆ ಬಂತು. ಮಂಗಳೂರಿನವರ ಬೆರಳಿನಿಂದ ದೂರದ ರಾಜ್ಯದವರು ಹಣ ತೆಗೆದ ಮೇಲೆ ಎರಡು ವರ್ಷ ಬೇಕಾಯಿತು. ಆ ಏಜೆಂಟರ ಹೆಸರು, ಬ್ಯಾಂಕಿನ ಹೆಸರು, ದೂರಿನ ನಂಬರ್ ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಕಾಣುವಂತೆ ಇರಲಿ ಎಂದು ಗ್ರಾಮ ಪಂಚಾಯಿತಿಗಳೇ ಕೇಳಬಹುದು. ರಶೀದಿ ಕೊಡದೆ ಕಳುಹಿಸಬಾರದು ಎಂದು ಗ್ರಾಮಸಭೆಯಲ್ಲಿ ಒತ್ತಾಯಿಸಬಹುದು.

ಇನ್ನು ಹಣ ಹೋದ ಮೇಲಿನ ದಾರಿ. ಮೂರನೆಯವರ ಮೋಸದಿಂದ ಹಣ ಹೋಗಿ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕನ ಹೊಣೆ ಶೂನ್ಯ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿತ್ತು. 1930 ಎಂಬ ಸಹಾಯವಾಣಿ ಇದೆ. ಒಳ್ಳೆಯ ನಿಯಮಗಳು. ಆದರೆ ಮೂರು ದಿನದ ಗಡಿಯಾರ ಓಡುವುದು ಸಂದೇಶ ಬಂದ ಗಳಿಗೆಯಿಂದ. ಸಂದೇಶ ಗಂಡನ ಫೋನಿಗೆ ಬರುತ್ತದೆ, ಇಂಗ್ಲಿಷಿನಲ್ಲಿ ಬರುತ್ತದೆ, ಜಾಹೀರಾತುಗಳ ನಡುವೆ ಹೂತುಹೋಗುತ್ತದೆ. ಮುಂದಿನ ತಿಂಗಳು ಅವಳು ಹಣ ತೆಗೆಯಲು ಹೋದಾಗ ಖಾತೆಯಲ್ಲಿ ಇಲ್ಲ ಎಂದು ತಿಳಿಯುತ್ತದೆ. ಬ್ಯಾಂಕಿನಲ್ಲಿ ಕೇಳಿದರೆ, ನಿನ್ನ ಬೆರಳೇ ಇದೆಯಲ್ಲಮ್ಮ ಎಂಬ ಉತ್ತರ. 1858ರಲ್ಲಿ ಹರ್ಷೆಲ್ ಬಯಸಿದ್ದು ಇದನ್ನೇ: 'ನಾನಲ್ಲ' ಎನ್ನುವ ಬಾಯಿ ಮುಚ್ಚಿಸುವುದು.

2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು. ಕಂಪೆನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ, ಅಂದರೆ 2027ರ ಮೇ ತಿಂಗಳವರೆಗೆ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟ ಕಾರಣಕ್ಕೆ ಇರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಪಡೆಯುವ ಅವಕಾಶ ಇರಬೇಕು ಎಂದೂ ಇದೆ. ಆ ಇಪ್ಪತ್ತೆರಡು ಭಾಷೆಗಳಲ್ಲಿ ಕನ್ನಡವಿದೆ, ಉರ್ದುವೂ ಇದೆ. ಓದಲು ಬಾರದವರಿಗೆ ಅದನ್ನು ಓದಿ ಹೇಳಬೇಕು ಎಂಬ ಮಾತು ಮಾತ್ರ ಅದರಲ್ಲಿ ಇಲ್ಲ.